ರೋಗಿಯ ಸ್ಟೂಲಿನ ಮೇಲೆ ಕೂರುತ್ತಿದ್ದವರು

ಕಳೆದ ತಿಂಗಳು ಅಂಬ್ಲಿಗೊಳದ ಕಡೆಯ ಒಂದು ಊರಿನ ಶಾಲೆಯ ಬಯಲಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಹಿಟ್ಟಿನ ಗಿರಣಿಯ ಯಜಮಾನರು ತೀರಿಕೊಂಡಿದ್ದರು. ಮಾತಾಡಿದವರೆಲ್ಲ ಒಂದೇ ಸಂಗತಿಯನ್ನು ಬೇರೆಬೇರೆ ಮಾತಿನಲ್ಲಿ ಹೇಳಿದರು: ಆ ಮನುಷ್ಯ ಇರುವ ತನಕ ನಮ್ಮೂರಿನ ಯಾರೂ ಒಬ್ಬರೇ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಜನ ತಲೆದೂಗಿದರು, ಕೆಲವರು ಕಣ್ಣೊರೆಸಿಕೊಂಡರು. ಮೈಕು ನನ್ನ ಕೈಗೂ ಬಂತು. ನಾನು ಅದನ್ನು ಪಕ್ಕದವರಿಗೆ ದಾಟಿಸಿದೆ. ಅವರೆಲ್ಲ ಹೇಳಿದ್ದು ನಿಜ. ನನ್ನ ತಕರಾರು ಇದ್ದದ್ದು ಅದೇ ನಿಜದ ಮೇಲೆ. ಯಾರನ್ನೂ ಅವರು ಒಬ್ಬರೇ ಹೋಗಲು ಬಿಡಲಿಲ್ಲ. ಯಾರಿಗೂ ತಮ್ಮ ಕಾಯಿಲೆಯನ್ನು ತಾವೇ ಕೇಳಿ ತಿಳಿದುಕೊಳ್ಳಲೂ ಬಿಡಲಿಲ್ಲ. ಸತ್ತವರ ಸಭೆಯಲ್ಲಿ ಇದನ್ನು ಹೇಳುವುದು ಸಲ್ಲದು ಎಂದು ಅಂದು ಸುಮ್ಮನಿದ್ದೆ. ಸುಮ್ಮನಿರುವುದರಿಂದಲೇ ನಮ್ಮ ಕಡೆ ಇಷ್ಟೊಂದು ಅನ್ಯಾಯ ಒಳ್ಳೆಯತನದ ಅಂಗಿ ತೊಟ್ಟು ಓಡಾಡುತ್ತದೆ ಎಂಬುದು ಮನೆಗೆ ಬಂದ ಮೇಲೆ ಮತ್ತೆ ಮತ್ತೆ ಕಾಡಿದ್ದರಿಂದ ಈಗ ಬರೆಯುತ್ತಿದ್ದೇನೆ.

ನಾನು ಅವರನ್ನು ಮೊದಲು ಕಂಡದ್ದು ಶಿಕಾರಿಪುರದ ಒಂದು ಖಾಸಗಿ ದವಾಖಾನೆಯಲ್ಲಿ. ಆರೋಗ್ಯದ ತಿಳಿವಳಿಕೆ ಮೂಡಿಸುವ ಕೆಲಸಕ್ಕೆಂದು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳನ್ನು ಸುತ್ತುವವಳು ನಾನು. ಆ ದಿನ ಮಾತ್ರ ನನ್ನದೇ ಕೆಮ್ಮಿಗೆ ಹೋಗಿದ್ದೆ. ನಮ್ಮಲ್ಲಿ ಡಾಕ್ಟರ ಕೋಣೆಯ ಬಾಗಿಲು ಮುಚ್ಚುವುದಿಲ್ಲ. ಮುಂದಿನ ಸರದಿಯವರು ಒಳಗೇ ಗೋಡೆಗೆ ಆತು ನಿಂತಿರುತ್ತಾರೆ, ಹಿಂದಿನವರ ಹೊಟ್ಟೆಯ ಕಥೆ, ಮುಟ್ಟಿನ ಕಥೆ ಎಲ್ಲವನ್ನೂ ಕೇಳುತ್ತಾರೆ. ಇದನ್ನು ತಪ್ಪೆಂದು ಹೇಳುವವರು ಒಬ್ಬರೂ ಸಿಗುವುದಿಲ್ಲ. ಹಾಗೆ ನಾನೂ ನಿಂತಿದ್ದೆ. ಡಾಕ್ಟರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಒಗೆದ ಬಿಳಿ ಅಂಗಿಯ, ಹುಬ್ಬಿನ ಕೂದಲಿನಲ್ಲಿ ಇನ್ನೂ ಹಿಟ್ಟು ಉಳಿದಿದ್ದ, ದಪ್ಪ ಮೈಕಟ್ಟಿನ ಒಬ್ಬರು ಕೂತಿದ್ದರು. ಹಿಂದೆ ಒಬ್ಬ ಬಡಕಲು ಮುದುಕ ಟವೆಲನ್ನು ಎದೆಗೆ ಅವುಚಿಕೊಂಡು ನಿಂತಿದ್ದ.

"ಏನು ತೊಂದ್ರೆ?" ಎಂದರು ಡಾಕ್ಟರು.

"ಹೊಟ್ಟೆ ಉರಿ ಸಾರ್. ಊಟ ಸೇರ್ತಿಲ್ಲ."

ಡಾಕ್ಟರು ಸ್ಟೆತಸ್ಕೋಪು ಕಿವಿಗೇರಿಸಿ ಬಿಳಿ ಅಂಗಿಯ ಗುಂಡಿಗೆ ಕೈ ಹಾಕಿದರು.

"ನಂಗಲ್ಲ ಸಾರ್, ಇವನಿಗೆ," ಎಂದು ಅವರು ಹಿಂದೆ ತಿರುಗದೆಯೇ ಹೆಬ್ಬೆರಳು ತೋರಿಸಿದರು.

"ಉರಿ ಅಲ್ಲ, ಚುಚ್ತತೆ," ಎಂದಿತು ಹಿಂದಿನಿಂದ ಒಂದು ಸಣ್ಣ ದನಿ.

"ನೀನು ಸುಮ್ನಿರೋ. ಉರಿ ಅಂದ್ರೂ ಚುಚ್ಚು ಅಂದ್ರೂ ಕೊಡೋ ಮಾತ್ರೆ ಒಂದೇ."

ಡಾಕ್ಟರು ನಕ್ಕು ಚೀಟಿ ಬರೆದರು. ಮುದುಕನ ಹೊಟ್ಟೆಯನ್ನು ಯಾರೂ ಮುಟ್ಟಿ ನೋಡಲಿಲ್ಲ. ಹೊರಗೆ ಬಂದ ಮೇಲೆ ನಾನು ಅವರನ್ನು ತಡೆದು, "ಯಜಮಾನ್ರೆ, ನೋವು ಅವರದು, ಮಾತು ನಿಮ್ಮದು. ಇದು ಯಾವ ನ್ಯಾಯ?" ಎಂದು ಕೇಳಿದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವು ಯಾವೂರ ಸ್ಕೂಲಿನ ಅಕ್ಕೋರ್ರೀ?"

"ನಾನು ಟೀಚರಲ್ಲ."

"ಹಂಗಾದ್ರೂ ಅಕ್ಕೋರೇ. ಕೇಳೋ ಧಾಟಿ ನೋಡಿದ್ರೆ ಗೊತ್ತಾಗ್ತತೆ." ಆಮೇಲೆ ಮುದುಕನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಇವನಿಗೆ ಡಾಕ್ಟ್ರ ಮುಂದೆ ಕೂತ್ರೆ ತನ್ನ ಹೆಸರೂ ನೆನಪಿರಲ್ರೀ. ಹೋದ ಸಲ ಒಬ್ನೇ ಮಾತಾಡ್ಲಿ ಅಂತ ಬಿಟ್ಟು ನೋಡ್ದೆ. ವಯಸ್ಸೆಷ್ಟು ಅಂದ್ರೆ, ‘ನೀವೇ ನೋಡಿ ಹೇಳಿ ಸಾರ್’ ಅಂದ."

ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ನನಗೂ ನಗು ಬಂತು. ಅವರ ವಿಷಯದಲ್ಲಿ ಆಗುತ್ತಿದ್ದದ್ದು ಯಾವಾಗಲೂ ಇಷ್ಟೇ. ಸಿಟ್ಟು ಇನ್ನೇನು ನೆಟ್ಟಗೆ ನಿಲ್ಲಬೇಕು ಅನ್ನುವಷ್ಟರಲ್ಲಿ ಅವರು ನಗಿಸಿ ಅದರ ಕಾಲೆಳೆಯುತ್ತಿದ್ದರು.

ಅವರ ಗಿರಣಿ ಇದ್ದ ಊರು ಎರಡೂ ತಾಲ್ಲೂಕುಗಳಿಗೆ ಮಗ್ಗುಲಾಗಿತ್ತು. ಯಾವ ಕಾಯಿಲೆಗೆ ಯಾವ ಪೇಟೆ ಎಂಬ ತೀರ್ಮಾನ ಅವರದೇ. ಹೊಟ್ಟೆ, ಜ್ವರ, ಮಕ್ಕಳ ಕೆಮ್ಮು ಸೊರಬಕ್ಕೆ. ಎದೆ, ಮೂಳೆ, ಹೆಂಗಸರ ತೊಂದರೆ ಶಿಕಾರಿಪುರಕ್ಕೆ. ಕಾರಣ ಕೇಳಿದರೆ ಕೈಗುಣ ಎನ್ನುತ್ತಿದ್ದರು. ಒಬ್ಬ ಡಾಕ್ಟರ ಓದು ಎಷ್ಟು, ಅವರು ರೋಗಿಯನ್ನು ಸರಿಯಾಗಿ ಪರೀಕ್ಷಿಸುತ್ತಾರೋ ಇಲ್ಲವೋ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಉಳವಿಯ ಒಬ್ಬ ಹುಡುಗಿಯ ಜ್ವರ ಒಂದೇ ಸೂಜಿಗೆ ಇಳಿದಿತ್ತು ಎಂಬ ಒಂದು ಘಟನೆಯ ಮೇಲೆ ಸೊರಬದ ಒಬ್ಬ ಡಾಕ್ಟರಿಗೆ ಅವರು ಜೀವಮಾನದ ಕೈಗುಣ ದಯಪಾಲಿಸಿದ್ದರು. ಆ ಜ್ವರ ಮಾರನೆಯ ದಿನ ತಾನಾಗಿ ಇಳಿಯುವುದಿತ್ತು ಎಂದು ನಾನು ವಾದಿಸಿದರೆ, "ತಾನಾಗಿ ಇಳಿಯೋದಾದ್ರೆ ನೀವ್ಯಾಕ್ರೀ ಕೆಮ್ಮಿಗೆ ಬಂದಿದ್ರಿ?" ಎನ್ನುತ್ತಿದ್ದರು.

ಗಿರಣಿಯ ಒಳಗೋಡೆಯ ಮೊಳೆಯಲ್ಲಿ ಒಗೆದು ಮಡಿಸಿದ ಬಿಳಿ ಅಂಗಿ ಸದಾ ತೂಗುತ್ತಿತ್ತು. ಅದು ಆಸ್ಪತ್ರೆಯ ಅಂಗಿ. ಹಿಟ್ಟು ಮಾಡಿಸಲು ಬಂದ ಹೆಂಗಸರಲ್ಲಿ ಯಾರಾದರೂ ಮೈ ಸರಿಯಿಲ್ಲ ಎಂದರೆ ಅವರು ಮೋಟರು ನಿಲ್ಲಿಸುತ್ತಿದ್ದರು. ಉಳಿದವರು ಗೊಣಗಿದರೂ ಲೆಕ್ಕಿಸದೆ ಪೂರ್ತಿ ಕೇಳುತ್ತಿದ್ದರು. ಹಾಗೆ ಕೇಳುವಾಗ ಹೆಬ್ಬೆರಳು ಮತ್ತು ತೋರುಬೆರಳನ್ನು ಹಿಟ್ಟಿನ ನುಣುಪು ನೋಡುವವರಂತೆ ಉಜ್ಜುತ್ತಿದ್ದರು. ಡಾಕ್ಟರ ಎದುರು ಕೂತಾಗಲೂ ಬೆರಳುಗಳು ಉಜ್ಜಿಕೊಳ್ಳುತ್ತಲೇ ಇರುತ್ತಿದ್ದವು. ಮಾತು ಕೇಳಿಸಿಕೊಂಡು, ಅದರಲ್ಲಿ ಎಷ್ಟನ್ನು ಊರಿಗೆ ಒಯ್ಯಬೇಕು ಎಂದು ಅವರು ಜರಡಿ ಹಿಡಿಯುತ್ತಿದ್ದ ಹೊತ್ತದು. ಬಳಿಕ ಆ ಅಂಗಿ ತೊಟ್ಟು ತಮ್ಮ ಹಳೆಯ ಓಮ್ನಿಯಲ್ಲಿ ಕೂರಿಸಿಕೊಂಡು ಹೊರಡುವುದು. ಪೆಟ್ರೋಲಿಗೆ ಎಂದು ಯಾರಾದರೂ ಕೊಡಲು ಬಂದರೆ ಬೈಗುಳ. ಇದಕ್ಕಿಂತ ದೊಡ್ಡ ಉಪಕಾರ ನಾನು ನೋಡಿಲ್ಲ. ಇಷ್ಟು ದೊಡ್ಡ ಉಪಕಾರದ ಒಳಗೆ ಇಷ್ಟು ದೊಡ್ಡ ತಪ್ಪನ್ನು ಬಚ್ಚಿಡಬಹುದು ಎಂದೂ ನೋಡಿರಲಿಲ್ಲ.

ತಪ್ಪು ಯಾವುದು ಎಂದರೆ, ಡಾಕ್ಟರು ಹೇಳಿದ ಕಾಯಿಲೆಯ ಹೆಸರನ್ನು ಅವರು ಊರಿಗೆ ತರುತ್ತಿರಲಿಲ್ಲ. ದಾರಿಯಲ್ಲೇ ಬದಲಿಸುತ್ತಿದ್ದರು. ಕ್ಷಯ ಎಂದರೆ ‘ಕಫ ಹಳೇದಾಗೈತೆ’. ರಕ್ತದೊತ್ತಡ ಎಂದರೆ ‘ತಲೆಸುತ್ತು’. ಹೃದಯದ ತೊಂದರೆ ಎಂದರೆ ‘ಗ್ಯಾಸು ಮೇಲಕ್ಕೆ ಹೊಡೀತತೆ’. ಕೇಳುವವರಿಗೆ ಹಗುರ, ಹೇಳುವವರಿಗೂ ಹಗುರ. ಆದರೆ ಮನುಷ್ಯರು ಕಾಯಿಲೆಯನ್ನು ಅದರ ಹೆಸರಿನಿಂದಲೇ ಅಳೆಯುತ್ತಾರೆ. ತಲೆಸುತ್ತಿನ ಮಾತ್ರೆಯನ್ನು ತಲೆಸುತ್ತು ನಿಂತ ದಿನ ನಿಲ್ಲಿಸುತ್ತಾರೆ. ಹಳೆಯ ಕಫದ ಮಾತ್ರೆಯನ್ನು ಕೆಮ್ಮು ಕಡಿಮೆಯಾದ ವಾರ ಬಿಡುತ್ತಾರೆ. ಹಾಗೆ ಬಿಟ್ಟವರನ್ನು ಕಂಡು ಪೇಟೆಯ ಡಾಕ್ಟರು, "ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ" ಎನ್ನುತ್ತಾರೆ. ಈ ಜನಕ್ಕೆ ಅವರು ಎಂದೂ ಹೇಳಿರಲೇ ಇಲ್ಲ. ಬಿಳಿ ಅಂಗಿಯ ಮನುಷ್ಯನಿಗೆ ಹೇಳಿದ್ದರು, ಅದೂ ಅರ್ಧ ಇಂಗ್ಲಿಷಿನಲ್ಲಿ. ರೋಗಿ ಎದುರಿಗೆ ನಿಂತಿರುವಾಗ ಅವಳ ಜೊತೆಗಾರನ ಮುಖ ನೋಡಿ ಮಾತಾಡುವ ಡಾಕ್ಟರದು ಮೊದಲ ತಪ್ಪು. ‘ಜೊತೆಗೆ ಯಾರೂ ಬಂದಿಲ್ವಾ?’ ಎಂದು ವಯಸ್ಸಿಗೆ ಬಂದ ಹೆಂಗಸನ್ನು ವಾಪಸು ಕಳಿಸುವ ನರ್ಸಿನದು ಎರಡನೆಯದು. ಹೆಂಡತಿಯ ಆಪರೇಷನ್ನಿಗೆ ಗಂಡನ ಸಹಿ ಸಾಕು ಎನ್ನುವ ಪದ್ಧತಿಯದು ಮೂರನೆಯದು. ಯಜಮಾನರು ಇವೆಲ್ಲದರ ನಡುವೆ ಇದ್ದ ಸಂದಿಯನ್ನು ತಮ್ಮ ದೊಡ್ಡ ಮೈಯಿಂದ ತುಂಬಿದ್ದರು. ಸಂದಿ ಇದೆ ಎಂಬುದೇ ಯಾರಿಗೂ ಕಾಣುತ್ತಿರಲಿಲ್ಲ.

ನಾನು ಆ ಊರಿನಲ್ಲಿ ಹೆಂಗಸರ ಸಭೆ ಮಾಡಿದೆ. ಡಾಕ್ಟರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ, ಸರಿಯೇ ಎಂದು ಕೇಳಿ ಎಂಬುದು ನಾನು ಕಲಿಸುತ್ತಿದ್ದ ಸರಳ ಅಭ್ಯಾಸ. ಯಜಮಾನರು ಕೊನೆಯ ಸಾಲಿನಲ್ಲಿ ಕಂಬಕ್ಕೆ ಒರಗಿ ನಿಂತು ಪೂರ್ತಿ ಕೇಳಿದರು. ಸಭೆ ಮುಗಿದ ಮೇಲೆ ಹೆಂಗಸರಿಗೆ ಕೇಳಿಸುವಂತೆ ಹೇಳಿದರು: "ಅಕ್ಕೋರ ಭಾಷಣ ಚಲೋ ಐತೆ. ಆದ್ರೆ ಹಿಂಗೆ ಒಂದೊಂದೇ ಕಾಯಿಲೆ ಬಿಡಿಸಿ ಬಿಡಿಸಿ ಹೇಳಿದ್ರೆ ಇಲ್ದಿರೋದೂ ಬರ್ತತೆ."

"ಹೆದರಿಸೋದಕ್ಕೂ ತಿಳಿಸೋದಕ್ಕೂ ವ್ಯತ್ಯಾಸ ಇದೆ ಯಜಮಾನ್ರೆ."

"ಇರ್ತತೆ, ಓದಿದೋರಿಗೆ. ನನ್ನ ಹೆಂಡ್ತಿಗೆ ಇರ್ಲಿಲ್ಲ." ಅವರ ದನಿ ಆಗ ಮಾತ್ರ ತಗ್ಗಿತು. ಪತ್ನಿಗೆ ಏನಾಗಿದೆ ಎಂಬುದನ್ನು ದೂರದ ಊರಿನ ಡಾಕ್ಟರೊಬ್ಬರು ಆಸ್ಪತ್ರೆಯ ಪಡಸಾಲೆಯಲ್ಲಿ ನಡೆಯುತ್ತಲೇ ಆಕೆಗೆ ಹೇಳಿ ಮುಂದೆ ಹೋದರಂತೆ. ಆಕೆ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಉಣ್ಣಲಿಲ್ಲ, ಮಾತ್ರೆ ಮುಟ್ಟಲಿಲ್ಲ. "ಕಾಯಿಲೆ ಕೊಲ್ಲೋಕೆ ಮುಂಚೆ ಆ ಮಾತು ಕೊಂದ್ಬಿಡ್ತು ಅಕ್ಕೋರೆ."

ಅದು ಸುಳ್ಳಲ್ಲ. ನಾನು ಅದನ್ನು ನಂಬುತ್ತೇನೆ. ಆದರೆ ಆ ಡಾಕ್ಟರ ತಪ್ಪು ಹೇಳಿದ್ದರಲ್ಲಿ ಇರಲಿಲ್ಲ, ಹೇಳಿದ ಬಗೆಯಲ್ಲಿ ಇತ್ತು. ಕೂತು, ಕಣ್ಣು ನೋಡಿ, ಮುಂದೇನು ಮಾಡಬಹುದು ಎಂಬುದನ್ನೂ ಸೇರಿಸಿ ಹೇಳಿದ್ದರೆ ಆಕೆ ಗೋಡೆಯ ಕಡೆ ತಿರುಗುತ್ತಿದ್ದರೋ ಇಲ್ಲವೋ ಯಾರಿಗೆ ಗೊತ್ತು? ಒಬ್ಬರು ಕೆಟ್ಟದಾಗಿ ಹೇಳಿದರು ಎಂಬ ಕಾರಣಕ್ಕೆ ಇಡೀ ಊರಿಗೆ ಯಾರೂ ಏನೂ ಹೇಳಬಾರದು ಎಂಬ ಕಾನೂನನ್ನು ಇವರು ತಾವೇ ಬರೆದು ತಾವೇ ಜಾರಿ ಮಾಡಿದ್ದರು. ಇದನ್ನು ಮಾರನೆಯ ದಿನ ಗಿರಣಿಗೆ ಹೋಗಿ ನೇರವಾಗಿ ಹೇಳಿದೆ. "ಹೌದ್ರೀ, ಇರಬೋದು," ಎಂದು ಮೋಟರಿನ ಗುಂಡಿ ಒತ್ತಿದರು. ಆ ಸದ್ದಿನಲ್ಲಿ ಯಾವ ವಾದವೂ ನಡೆಯುವಂತಿರಲಿಲ್ಲ.

ಇನ್ನು ಗಂಗಮ್ಮನವರ ವಿಷಯ. ಇದನ್ನು ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ಗಂಗಮ್ಮ ಅದೇ ಊರಿನವರು. ಮನೆಯಲ್ಲಿ ಕುರಿ ಹಿಂಡು ಇದೆ. ಗಂಡ ವರ್ಷದ ಬಹುಪಾಲು ಹಿಂಡಿನ ಹಿಂದೆ ತಿರುಗುತ್ತಾರೆ, ನಾಲೆಯ ಕೆಳಗಿನ ಭತ್ತದ ಗದ್ದೆ ಗಂಗಮ್ಮನವರ ಉಸ್ತುವಾರಿಯಲ್ಲಿ ನಡೆಯುತ್ತದೆ. ಯಜಮಾನರನ್ನು ಅಣ್ಣ ಎಂದೇ ಕರೆಯುತ್ತಿದ್ದರು, ಮನೆಯವರೊಂದಿಗೆ ಮಾತಾಡುವ ಸಲಿಗೆಯಲ್ಲೇ ಜಗಳವನ್ನೂ ಆಡುತ್ತಿದ್ದರು. ಮಳೆಗಾಲ ಕಳೆಯುವ ಹೊತ್ತಿಗೆ ಅವರ ಎಡ ಸ್ತನದಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಯಜಮಾನರು ಬಿಳಿ ಅಂಗಿ ತೊಟ್ಟು ಶಿಕಾರಿಪುರಕ್ಕೆ ಕರೆದೊಯ್ದರು. ಲೇಡಿ ಡಾಕ್ಟರು ಗಂಗಮ್ಮನವರನ್ನು ಪರದೆಯ ಹಿಂದೆ ಪರೀಕ್ಷಿಸಿ, ಹೊರಗೆ ಬಂದು, ಸ್ಟೂಲಿನ ಮೇಲಿದ್ದ ಯಜಮಾನರಿಗೆ ವಿಷಯ ಹೇಳಿದರು: ಗಂಟು ಗಟ್ಟಿಯಾಗಿದೆ, ಲಕ್ಷಣ ಚೆನ್ನಾಗಿಲ್ಲ, ಕ್ಯಾನ್ಸರ್ ಇರಬಹುದು, ಶಿವಮೊಗ್ಗಕ್ಕೆ ಹೋಗಿ ಸೂಜಿ ಹಾಕಿಸಿ ಪರೀಕ್ಷೆ ಮಾಡಿಸಬೇಕು, ತಡ ಮಾಡಬಾರದು. ಇದರಲ್ಲಿ ಮುಖ್ಯವಾದ ಪದಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಗಂಗಮ್ಮ ಪರದೆಯ ಪಕ್ಕದಲ್ಲೇ ನಿಂತಿದ್ದರು.

ಓಮ್ನಿಯಲ್ಲಿ ಅವರು ಕೇಳಿದರು: "ಏನಂದ್ರಣ್ಣ?"

"ಹಾಲಿನ ಗಂಟು ಅಂತೆ. ವಯಸ್ಸಾದಂಗೆ ಬರ್ತತಂತೆ. ಶಿವಮೊಗ್ಗದಾಗೆ ಒಂದ್ಸಲ ತೋರಿಸ್ಬೇಕಂತೆ, ಅವಸರ ಇಲ್ಲ."

ಅವರ ಲೆಕ್ಕಾಚಾರ ನನಗೆ ಆಮೇಲೆ ತಿಳಿಯಿತು. ಹೆದರಿಸದೆ, ಒಂದು ವಾರ ಬಿಟ್ಟು, ನಯವಾಗಿ ಮಾತಾಡಿ ಕರೆದೊಯ್ಯುವುದು. ಶಿವಮೊಗ್ಗದವರು ಪರೀಕ್ಷೆ ಮಾಡಿ ಹೇಳಿದರೆ ಹೇಳಲಿ, ತಾನು ಹೇಳಿದ್ದಾಗುವುದಿಲ್ಲ. ವಾರದ ನಂತರ ಗಿರಣಿಗೆ ಬಂದ ಗಂಗಮ್ಮನವರನ್ನು, "ಹೋಗಾನೇನವ್ವ ಶಿವಮೊಗ್ಗಕ್ಕೆ?" ಎಂದು ಕೇಳಿದರು. ಭತ್ತ ಕೊಯ್ಲಿಗೆ ಬಂದಿತ್ತು. "ಕೊಯ್ಲು ಮುಗೀಲಿ ಬಿಡಣ್ಣ. ನೀನೇ ಅಂದ್ಯಲ್ಲ, ಅವಸರ ಇಲ್ಲ ಅಂತ," ಎಂದರು ಅವರು. ಕೊಯ್ಲು ಮುಗಿದ ಮೇಲೆ ಮತ್ತೆ ಕೇಳಿದರು. ಗೊಬ್ಬರಕ್ಕೆಂದು ರೈತರ ಗದ್ದೆಗಳಲ್ಲಿ ಕುರಿ ತರುಬುವ ಕಾಲ, ಗಂಡ ಅಂಜನಾಪುರದ ಕಡೆ ಹೋಗಿದ್ದರು, ಮನೆಯಲ್ಲಿ ಮರಿಗಳನ್ನು ನೋಡುವವರಿಲ್ಲ. "ಹಾಲಿನ ಗಂಟೇನು ಓಡಿ ಹೋಗ್ತತಾ?" ಎಂದು ಗಂಗಮ್ಮ ನಕ್ಕರು. ಆಮೇಲೆ ನಾದಿನಿಯ ಮಗಳ ಮದುವೆ ಬಂತು.

ಯಜಮಾನರು ಸಿಕ್ಕಿಬಿದ್ದದ್ದು ಇಲ್ಲಿ. ಅವಸರ ಮಾಡು ಎಂದು ಹೇಳಬೇಕಾದರೆ ಮೊದಲು ತಾವು ಹೇಳಿದ್ದು ಸುಳ್ಳು ಎಂದು ಒಪ್ಪಬೇಕು. ಒಪ್ಪದಿದ್ದರೆ ಅವಸರ ಮಾಡಿಸಲು ಬೇರೆ ದಾರಿಯಿಲ್ಲ. ಗಂಗಮ್ಮ ತಡ ಮಾಡುತ್ತಿರಲಿಲ್ಲ. ತಮಗೆ ಕೊಟ್ಟ ಮಾಹಿತಿಯ ಮೇಲೆ ಯಾವ ಬುದ್ಧಿವಂತೆಯಾದರೂ ಮಾಡುವಂಥ ತೀರ್ಮಾನವನ್ನೇ ಮಾಡುತ್ತಿದ್ದರು. ಒಂದು ಪಕ್ಕ ಕೊಯ್ಲು, ಇನ್ನೊಂದು ಪಕ್ಕ ಓಡಿಹೋಗದ ಹಾಲಿನ ಗಂಟು. ಇದರಲ್ಲಿ ಯಾವುದು ಮೊದಲು ಎಂದು ನನ್ನನ್ನು ಕೇಳಿದರೆ ನಾನೂ ಕೊಯ್ಲು ಎಂದೇ ಹೇಳುತ್ತಿದ್ದೆ. ಜನರ ಅಜ್ಞಾನದ ಬಗ್ಗೆ ಭಾಷಣ ಮಾಡುವವರೆಲ್ಲ ಈ ಒಂದು ಸಂಗತಿಯನ್ನು ಕೂತು ಯೋಚಿಸಬೇಕು.

ಯುಗಾದಿ ಹತ್ತಿರ ಬಂದಾಗ ಯಜಮಾನರು ನನ್ನನ್ನು ಹುಡುಕಿಕೊಂಡು ಶಿಕಾರಿಪುರದ ಮನೆಗೆ ಬಂದರು. ಬಿಳಿ ಅಂಗಿ ಹಾಕಿರಲಿಲ್ಲ. ನಡೆದದ್ದೆಲ್ಲ ಹೇಳಿ, "ನೀವು ಒಂದು ಮಾತು ಹೇಳ್ರಿ ಅವ್ಳಿಗೆ. ನಿಮ್ಮ ಸಭೆಗೆ ಬರ್ತಿದ್ಲಲ್ಲ. ನಿಮ್ಮ ಭಾಷಣದಾಗೆ ಬಂದಂಗೆ ಹೇಳ್ರಿ," ಎಂದರು.

ನನಗೆ ಮೈಯೆಲ್ಲ ಉರಿಯಿತು. "ಮುಚ್ಚಿಟ್ಟಿದ್ದು ನೀವು. ತೆಗೆಯೋದೂ ನೀವೇ. ನಾನು ಪಕ್ಕದಲ್ಲಿ ಕೂತಿರ್ತೀನಿ, ಕಾಯಿಲೆ ಬಗ್ಗೆ ಏನಾದ್ರೂ ಕೇಳಿದ್ರೆ ಹೇಳ್ತೀನಿ. ಅಷ್ಟೇ. ನಾಳೆನೇ ಆಗಬೇಕು."

"ನಾಳೆ ಅಮಾಸೆ."

"ಯಜಮಾನ್ರೆ."

"ಆತು, ಆತು. ನಾಳೆನೇ."

ಮಾರನೆಯ ದಿನ ಮಧ್ಯಾಹ್ನ ಗಂಗಮ್ಮ ಅಕ್ಕಿಯ ಬುಟ್ಟಿಯೊಂದಿಗೆ ಗಿರಣಿಗೆ ಬಂದರು. ಮೋಟರು ನಿಂತಿತ್ತು, ಬೇರೆ ಯಾರೂ ಇರಲಿಲ್ಲ. ಯಜಮಾನರು ಬುಟ್ಟಿ ಇಳಿಸಿಕೊಂಡರು, ಅಕ್ಕಿ ಚೆನ್ನಾಗಿದೆ ಎಂದರು, ಈ ಸಲದ ಇಳುವರಿ ಕೇಳಿದರು, ಮದುವೆಯ ಊಟ ಹೊಗಳಿದರು. ಬೆರಳುಗಳು ಒಂದೇ ಸಮನೆ ಉಜ್ಜಿಕೊಳ್ಳುತ್ತಿದ್ದವು. ಗಂಗಮ್ಮ ಅವರನ್ನೂ ನನ್ನನ್ನೂ ನೋಡಿದರು.

"ಅಣ್ಣ, ಒಲೆ ಮೇಲೆ ಸಾರಿಟ್ಟು ಬಂದೀನಿ. ಏನು ಹೇಳೋದೈತೆ ಅದನ್ನ ಹೇಳು."

ಹೇಳಿದರು. ನನ್ನ ಮುಖ ನೋಡುತ್ತ, ಗೋಡೆ ನೋಡುತ್ತ, ಕೊನೆಗೆ ನೆಲ ನೋಡುತ್ತ ಹೇಳಿದರು. ಆ ಪದವನ್ನು ಮಾತ್ರ ಅವರಿಗೆ ಹೇಳಲಾಗಲಿಲ್ಲ, ‘ದೊಡ್ಡದು’ ಎಂದರು. ನಾನು ಸುಮ್ಮನೆ ಕಾದೆ. ಎರಡನೆಯ ಸಲ ಕ್ಯಾನ್ಸರ್ ಎಂದರು.

ಗಂಗಮ್ಮ ಅಕ್ಕಿಯ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಕೇಳಿದರು: "ಡಾಕ್ಟ್ರು ಯಾವಾಗ ಹೇಳಿದ್ರು?"

"ಅವತ್ತೇ."

"ನಾನು ಅಲ್ಲೇ ನಿಂತಿದ್ನಲ್ಲ."

"ನೀನು ಹೆದರ್ತೀಯ ಅಂತ..."

"ಹೆದರ್ತೀನಿ ಅಂತ ನಿಂಗ್ಯಾರು ಹೇಳಿದ್ರು? ಹಟ್ಟಿಗೆ ಚಿರತೆ ಬಂದಾಗ ಬಾಗ್ಲು ಹಾಕ್ಕೊಂಡು ಒಳಗೆ ಕೂತೋನು ನೀನು. ಕೋಲು ಹಿಡ್ಕೊಂಡು ನಿಂತೋಳು ನಾನು." ದನಿ ಏರಿರಲಿಲ್ಲ. "ನನ್ನ ಮೈ ವಿಷ್ಯ ತಂದು ನಿನ್ನ ಗಿರಣಿಯಾಗೆ ಇಟ್ಕೊಂಡಿದ್ಯಲ್ಲಣ್ಣ. ಕೊಯ್ಲಿಗೆ ಆಳು ಮಾಡಿ ಹೋಗ್ತಿದ್ದೆ ನಾನು. ಮದುವೇಗೆ ಹೋಗ್ದಿದ್ರೆ ಯಾರು ಸಾಯ್ತಿದ್ರು?"

ಯಜಮಾನರು ಕಣ್ಣೊರೆಸಿಕೊಂಡರು; ಹಿಟ್ಟು ಕೆನ್ನೆಗೆ ಮೆತ್ತಿತು. ಗಂಗಮ್ಮ ಅವರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು: "ಅಕ್ಕೋರೆ, ಇದು ಆದೋರೆಲ್ಲ ಸಾಯ್ತಾರಾ?" ಇಲ್ಲ ಎಂದೆ, ಎಷ್ಟು ಬೇಗ ತಿಳಿಯುತ್ತದೋ ಅಷ್ಟು ಒಳ್ಳೆಯದು, ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದೂ ಪರೀಕ್ಷೆಯಾಗದೆ ಯಾರಿಗೂ ಗೊತ್ತಿಲ್ಲ ಎಂದೆ. "ಆಪರೇಷನ್ ಆದ್ಮೇಲೆ ಎಡಗೈ ಎತ್ತೋಕೆ ಬರ್ತತಾ? ಕುಡುಗೋಲು ನಾನು ಎಡಗೈಯಾಗೆ ಹಿಡಿಯೋಳು." ಅದು ನನಗೆ ಸರಿಯಾಗಿ ಗೊತ್ತಿರಲಿಲ್ಲ, ಡಾಕ್ಟರನ್ನು ನೀವೇ ಕೇಳಿ ಎಂದೆ. ಯಜಮಾನರು ಇಷ್ಟು ತಿಂಗಳು ಯಾವ ಭಯದಿಂದ ಅವರನ್ನು ಕಾಪಾಡುತ್ತಿದ್ದರೋ, ಆ ಭಯ ಗಂಗಮ್ಮನವರಿಗೆ ಬರಲಿಲ್ಲ ಎಂದಲ್ಲ. ಬಂತು, ತುಟಿ ಬಿಳಿಚಿಕೊಂಡಿತ್ತು. ಆದರೆ ಅದರ ಜೊತೆಯಲ್ಲೇ ಪ್ರಶ್ನೆಗಳೂ ಬಂದವು. ಪ್ರಶ್ನೆಗಳು ಬರುತ್ತವೆ ಎಂಬುದು ಆ ದೊಡ್ಡ ಮನುಷ್ಯನಿಗೆ ಹೊಳೆದೇ ಇರಲಿಲ್ಲ.

ಅಕ್ಕಿಯ ಬುಟ್ಟಿಯನ್ನು ಹಿಟ್ಟು ಮಾಡಿಸದೆಯೇ ತಲೆಗೇರಿಸಿಕೊಂಡು ಅವರು ಹೊರಟರು. ಅಲ್ಲಿಂದ ಮುಂದೆ ಗಂಗಮ್ಮನವರ ಅಕ್ಕಿ ಪಕ್ಕದ ಊರಿನ ಗಿರಣಿಗೆ ಹೋಗತೊಡಗಿತು.

ಶಿವಮೊಗ್ಗಕ್ಕೆ ಓಮ್ನಿ ಬೇಡ ಎಂದರು. ಬಸ್ಸಿನಲ್ಲಿ ಹೋದೆವು, ಗಂಗಮ್ಮ ಮತ್ತು ನಾನು. ಶಿಕಾರಿಪುರದಲ್ಲಿ ಬಸ್ಸು ಬದಲಿಸುವಾಗ ನೋಡಿದರೆ ಯಜಮಾನರು ಬಿಳಿ ಅಂಗಿ ತೊಟ್ಟು ಹಿಂದಿನ ಬಾಗಿಲಿನಿಂದ ಹತ್ತುತ್ತಿದ್ದರು. "ಬರ್ಲಿ ಬಿಡ್ರಿ," ಎಂದರು ಗಂಗಮ್ಮ, "ಬ್ಯಾಡ ಅಂದ್ರೆ ಬಸ್ಸಿನ ಮೇಲೆ ಕೂತಾದ್ರೂ ಬರ್ತಾನೆ." ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಯಜಮಾನರು ಒಮ್ಮೆ ಕಿತ್ತಳೆ ಸುಲಿದು ನನ್ನ ಕೈಲಿ ಕೊಟ್ಟರು, ಮುಂದಕ್ಕೆ ದಾಟಿಸಲು. ಗಂಗಮ್ಮ ತೆಗೆದುಕೊಳ್ಳಲಿಲ್ಲ, ನಾನೇ ತಿನ್ನಬೇಕಾಯಿತು.

ಪರೀಕ್ಷೆಗಳಾದವು. ಫಲಿತಾಂಶ ಬಂದ ದಿನವೂ ಮೂವರೇ ಹೋಗಿದ್ದೆವು. ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು, ಪಕ್ಕದಲ್ಲಿ ಕಲಿಯುತ್ತಿರುವ ಇಬ್ಬರು ವಿದ್ಯಾರ್ಥಿಗಳು. ಗಂಗಮ್ಮನವರೂ ನಾನೂ ಕೂತೆವು. ಯಜಮಾನರು ನನ್ನ ಪಕ್ಕದಲ್ಲಿ ನಿಂತರು. ಡಾಕ್ಟರು ಚೆನ್ನಾಗಿ ಹೇಳಿದರು, ಅದನ್ನು ಒಪ್ಪಲೇಬೇಕು. ಗಂಗಮ್ಮನವರ ಮುಖ ನೋಡಿ ಕನ್ನಡದಲ್ಲೇ ಹೇಳಿದರು. ಕ್ಯಾನ್ಸರ್ ಹೌದು. ಎಡ ಸ್ತನವನ್ನು ಪೂರ್ತಿ ತೆಗೆಯಬೇಕು, ಕಂಕುಳಿನ ಗಂಟುಗಳನ್ನೂ, ಆಮೇಲೆ ಔಷಧಿಯ ದೀರ್ಘ ಚಿಕಿತ್ಸೆ. ಕೈ ಸ್ವಲ್ಪ ಊದಿಕೊಳ್ಳಬಹುದು, ವ್ಯಾಯಾಮ ಮಾಡಿದರೆ ಎತ್ತಲು ಬರುತ್ತದೆ. ಗಂಗಮ್ಮ ಅದಷ್ಟನ್ನೂ ತಮ್ಮ ಮಾತಿನಲ್ಲಿ ತಿರುಗಿ ಹೇಳಿ, "ಸರಿ ಐತಾ?" ಎಂದು ಕೇಳಿದರು. ಸರಿ ಎಂದರು ಡಾಕ್ಟರು.

ಆಮೇಲೆ, ಬೈಯುವ ದನಿಯಲ್ಲಲ್ಲ, ಬೇಸರದ ದನಿಯಲ್ಲಿ ಕೇಳಿದರು: "ಮೊದಲೇ ಬಂದಿದ್ರೆ ಗಂಟು ಮಾತ್ರ ತೆಗೆದು ಬಿಡಬಹುದಿತ್ತೇನೋ ಅಮ್ಮ. ಇಷ್ಟು ತಿಂಗಳು ಯಾಕೆ ಸುಮ್ಮನಿದ್ರಿ?"

ನಾನು ಯಜಮಾನರ ಕಡೆ ನೋಡಿದೆ. ಊರಿನ ಪ್ರತಿಯೊಬ್ಬರ ಹೊಟ್ಟೆ, ತಲೆ, ಎದೆಯ ಪರವಾಗಿ ಉತ್ತರ ಹೇಳಿದ್ದ ಮನುಷ್ಯ. ಯಾರ ನೋವು ಉರಿಯುತ್ತದೆ, ಯಾರದು ಚುಚ್ಚುತ್ತದೆ ಎಂದು ಅವರವರಿಗಿಂತ ಮೊದಲು ಹೇಳುತ್ತಿದ್ದ ಮನುಷ್ಯ. ಆ ಕೋಣೆಯಲ್ಲಿ ಆ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರೊಬ್ಬರೇ. ಬಾಯಿ ತೆರೆದರು. ಮುಚ್ಚಿದರು.

"ಕೊಯ್ಲಿತ್ತು ಸಾರ್," ಎಂದರು ಗಂಗಮ್ಮ. "ನೋವಿರ್ಲಿಲ್ಲ, ಬಿಟ್ಕೊಂಡೆ. ತಿಳೀಲಿಲ್ಲ ನಂಗೆ."

ನಡೆದದ್ದನ್ನು ಹೇಳಿಬಿಡಲು ನಾನು ಏಳಲು ಹೋದೆ. ಗಂಗಮ್ಮ ಮೇಜಿನ ಕೆಳಗೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಕುಡುಗೋಲು ಹಿಡಿಯುವ ಕೈ ಅದು, ಬಿಡಿಸಿಕೊಳ್ಳಲಾಗಲಿಲ್ಲ. ಡಾಕ್ಟರು ವಿದ್ಯಾರ್ಥಿಗಳ ಕಡೆ ತಿರುಗಿ, ಹಳ್ಳಿಯ ಕಡೆ ಇದೇ ಸಮಸ್ಯೆ, ನೋವಾಗುವ ತನಕ ಬರುವುದಿಲ್ಲ, ತಿಳಿವಳಿಕೆ ಕಡಿಮೆ ಎಂದರು. ಇಬ್ಬರೂ ತಲೆಯಾಡಿಸಿದರು. ಆ ಇಬ್ಬರು ನಾಳೆ ಇನ್ನೊಂದು ಊರಿನಲ್ಲಿ ಡಾಕ್ಟರಾಗಿ ಕೂತು ಇದನ್ನೇ ಹೇಳುತ್ತಾರೆ.

ಬಸ್ ನಿಲ್ದಾಣದಲ್ಲಿ ನಾನು ತಡೆಯಲಾರದೆ ಯಜಮಾನರನ್ನು ಕೇಳಿದೆ: "ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?"

"ಬಾಯಿ ಬರ್ಲಿಲ್ಲ ಅಕ್ಕೋರೆ," ಎಂದರು.

ಗಂಗಮ್ಮನವರನ್ನೂ ಕೇಳಿದೆ. ಅವರಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. "ಆ ಹುಡುಗ್ರ ಮುಂದೆ ಅವನ ಮಾನ ತೆಗೆದು ನಂಗೇನು ಬರ್ತಿತ್ತು? ಬೈಯೋದಿದ್ರೆ ನಮ್ಮೂರಾಗೆ ನಾನೇ ಬೈತೀನಿ."

ಬೈದರು ಕೂಡ, ಚಿಕಿತ್ಸೆಯ ಉದ್ದಕ್ಕೂ, ತಲೆಗೂದಲು ಉದುರಿದ ದಿನಗಳಲ್ಲಿ ಇನ್ನೂ ಜೋರಾಗಿ. ಅವರು ಬದುಕಿದರು. ಎಡಗೈ ಊದಿಕೊಳ್ಳುತ್ತದೆ, ಕುಡುಗೋಲು ಈಗ ಬಲಗೈಯಲ್ಲಿ. ಯಜಮಾನರು ಬದಲಾದರೇ ಎಂದು ಕೇಳಿದರೆ, ಇಲ್ಲ. ಮುಂದಿನ ಮಳೆಗಾಲದಲ್ಲೇ ಒಬ್ಬರ ಹೃದಯವನ್ನು ಮತ್ತೆ ಗ್ಯಾಸು ಮಾಡಿ ಊರಿಗೆ ತಂದರು. ನಾನು ಹೋಗಿ ಜಗಳವಾಡಿ ಸರಿಪಡಿಸಿದೆ. ಪ್ರೀತಿಯಿಂದ ತಪ್ಪು ಮಾಡುವವ ತಿದ್ದಿಕೊಳ್ಳುವುದಿಲ್ಲ. ಪ್ರೀತಿ ಸರಿಯಿದೆಯಲ್ಲ, ತಪ್ಪು ಎಲ್ಲಿಂದ ಬಂತು ಎಂದು ಅವನಿಗೆ ಅನ್ನಿಸುತ್ತಲೇ ಇರುತ್ತದೆ.

ಇದನ್ನು ಬರೆಯುವ ಮೊದಲು ಗಂಗಮ್ಮನವರ ಮನೆಗೆ ಹೋಗಿ ಅನುಮತಿ ಕೇಳಿದೆ. ಅವರು ಕುರಿಮರಿಗೆ ಹಾಲು ಕುಡಿಸುತ್ತಿದ್ದರು. ನೀವು ತಡ ಮಾಡಲಿಲ್ಲ, ನಿಮಗೆ ಹೇಳಿರಲಿಲ್ಲ, ಅಷ್ಟನ್ನಾದರೂ ಜನ ತಿಳಿಯಬೇಕು ಎಂದೆ. ಸ್ವಲ್ಪ ಯೋಚಿಸಿದರು.

"ಬರೀರಿ. ಆದ್ರೆ ಅಣ್ಣನ ಹೆಸರು ಹಾಕ್ಬ್ಯಾಡ್ರಿ. ಅವನ ಮೊಮ್ಮಕ್ಕಳು ಓದ್ತಾವೆ. ನಂದು ಬೇಕಾದ್ರೆ ಹಾಕ್ಕೊಳ್ರಿ, ನಂದೇನು ಮುಚ್ಚಿಡೋದೈತೆ."

ತಪ್ಪು ಮಾಡಿದವರ ಹೆಸರು ಮರೆಯಲ್ಲಿ ಉಳಿಯಬೇಕು, ಅದನ್ನು ಅನುಭವಿಸಿದವರ ಹೆಸರು ಊರಿಗೆಲ್ಲ ತಿಳಿಯಬೇಕು. ಇದೂ ಅನ್ಯಾಯವೇ ಎಂದು ಅವರಿಗೆ ಹೇಳಿದೆ. ಅವರು ಮರಿಯ ಬಾಯಿ ಒರೆಸಿ ಅದನ್ನು ಕೆಳಗೆ ಬಿಟ್ಟರು. ತೀರ್ಮಾನ ಅವರದು, ಅದನ್ನು ಗೌರವಿಸಬೇಕೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನು. ಹೆಸರು ಹಾಕಿಲ್ಲ. ಸಿಟ್ಟು ಮಾತ್ರ ಇಳಿದಿಲ್ಲ.